ಮೆಣಸಗಿಗೆ ಬಂದ ಕಾಂಡ್ಲಾ ಸಸಿಗಳು

ಗಜೇಂದ್ರಗಡ
ತಾ. ೨೦ ಸೆಪ್ಟೆಂಬರ್ ೧೯೫೪

ಚಿರಂಜೀವಿ ಅಮೋಘಸಿದ್ದನಿಗೆ ನಿನ್ನ ಸೋದರಮಾವ ಕರೆಪ್ಪನ ಆಶೀರ್ವಾದಗಳು.

ಸಮುದ್ರಕ್ಕೆ ಬುದ್ಧಿ ಹೇಳಿ ಹಿಂದಕ್ಕೆ ಕಳಿಸಿದವನು ಇಡೀ ರೋಣ ತಾಲೂಕಿನಲ್ಲಿ ನಾನೊಬ್ಬನೇ. ಕುಮಟೆಯಿಂದ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹೀಗೆಂದೇ ಹೇಳಿಕೊಂಡು ಕೂತಿದ್ದೆ. ಅಂಗಡಿಯ ಇಸ್ಮಾಯಿಲಸಾಬ, "ನಿಮ್ಮ ಧೋತರದ ತುದಿ ಸೈತ ತೊಯ್ದಿಲ್ಲಲ್ರಿ ಕರೆಪ್ಪಣ್ಣ" ಎಂದ. ಈಗ ಜಂಬ ಕೊಚ್ಚಲಿಕ್ಕೂ ದಣಿವು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಕಣ್ಣು ಬೇನೆ ಎಂದು ನೆಪ ಹೇಳಬಹುದಿತ್ತು. ಕಣ್ಣು ಚೆನ್ನಾಗಿಯೇ ಇವೆ. ತಡವಾಯಿತು, ಸಿಟ್ಟಾಗಬೇಡ.

ಮೆಣಸಗಿಯಲ್ಲಿ ನಿನ್ನ ತಾಯಿ ತಿಪ್ಪವ್ವ ಆರಾಮ ಇದ್ದಾಳೆ. ಶ್ರಾವಣದಲ್ಲಿ ಮಲಪ್ರಭೆ ತುಂಬಿ ಬಂದರೂ ಮನೆಗೆ ನೀರು ಬರಲಿಲ್ಲ. ಹೊಳೆದಂಡೆಯ ಹೊಲದ್ದು ಬೇರೆ ಮಾತು.

ಬೇಸಿಗೆಯಲ್ಲಿ ನಾನು ಕುಮಟೆಗೆ ನಿನ್ನಲ್ಲಿ ಬಂದಾಗ, ಫಾರೆಸ್ಟ್ ಗಾರ್ಡನ ಖಾಕಿ ಅಂಗಿ ತೊಟ್ಟು ನೀನು ನನ್ನನ್ನು ಅಳಿವೆಯ ಕೆಸರಿನಲ್ಲಿ ಅಡ್ಡಾಡಿಸಿದೆಯಲ್ಲ. ಕೋಲುಗಾಲು ಊರಿ ಉಪ್ಪುನೀರಿನಲ್ಲೇ ನಿಂತ ಕಾಂಡ್ಲಾ ಗಿಡ. ಕೆಸರಿನಿಂದ ಬೇರಿನ ಬೆರಳು ಮೇಲೆತ್ತಿ ಉಸಿರಾಡುವುದೊಂದು. ಎಲೆಯ ಮೇಲೆ ಉಪ್ಪು ಬೆವರುವುದೊಂದು. ಹಾಲು ಸಿಡಿದರೆ ಕಣ್ಣು ಸುಡುವುದೊಂದು. "ಒಂದೊಂದಕ್ಕ ಒಂದೊಂದು ಜಾಗಾ ಐತ್ರಿ ಮಾಮಾ. ಮುಂದಿನವು ತೆರಿ ತಡೀತಾವ, ಹಿಂದಿನವು ಮಣ್ಣ ಹಿಡೀತಾವ. ಒಂದನ್ನೂ ಕೀಳಬಾರ್ದು" ಎಂದೆ. ಗದ್ದೆಯ ಒಡ್ಡಿನ ಮುಂದೆ ನೀನೂ ದೋಣಿಯ ಸುಕ್ರನೂ ನೆಟ್ಟ ಕಾಂಡ್ಲಾ ಸಸಿಗಳನ್ನು ತೋರಿಸಿದೆ. ನಾನು ಕೇಳಿಸಿಕೊಂಡದ್ದು "ಮಣ್ಣ ಹಿಡೀತಾವ" ಎಂಬುದಷ್ಟೇ. ತಿಪ್ಪವ್ವನ ದಂಡೆ ವರ್ಷಾ ವರ್ಷಾ ಕುಸಿಯುತ್ತದಲ್ಲ.

ನೀನು ಕಚೇರಿಗೆ ಹೋದಾಗ, ನೀರು ಇಳಿದ ಹೊತ್ತು ನೋಡಿ, ಒಂದಿಷ್ಟು ಸಸಿ ಕಿತ್ತೆ. ಒದ್ದೆ ಗೋಣಿಯಲ್ಲಿ ಸುತ್ತಿ ಮೇಲೆ ಒಣಮೀನು ಹರಡಿದೆ. ಹೊಳೆಆಲೂರ ಸ್ಟೇಶನ್ನಿನವರೆಗೆ ಯಾರೂ ಬಿಚ್ಚಿ ನೋಡಲಿಲ್ಲ. ಪಕ್ಕದಲ್ಲಿ ಕೂಡ್ರಲೂ ಇಲ್ಲ.

ನೆಡಲು ಜಾಗ ಬೇಕೆಂದು ದಂಡೆಯ ಲಕ್ಕಿ ಪೊದೆ, ಜೇಕಿನ ಹುಲ್ಲು ಎಲ್ಲವನ್ನೂ ಬೇರುಸಹಿತ ತೆಗೆದೆ. ಸಮುದ್ರದ ಗಿಡಕ್ಕೆ ಸಿಹಿನೀರು ರುಚಿಸಲಾರದೆಂದು ಸಂತೆಯಿಂದ ಉಪ್ಪಿನ ಚೀಲ ತಂದು ಪ್ರತಿ ಕುಣಿಗೂ ಸುರಿದೆ.

"ಯಣ್ಣಾ, ಹೊಲಕ್ಕ ಉಪ್ಪಿನಕಾಯಿ ಹಾಕಾಕತ್ತೀ ಏನ?" ಎಂದಳು ತಿಪ್ಪವ್ವ.

"ಸಾಲಿ ಕಲಿತಾಂವ ನಾನೋ ನೀನೋ?" ಎಂದೆ. ನಾಲ್ಕನೆಯ ಇಯತ್ತೆಯ ದೌಲತ್ತು ನನ್ನದು.

ಜೂನ್ ಮುಗಿಯುವುದರೊಳಗೆ ಸಸಿಗಳು ಕರ್ರಗಾದವು. ಹೊಳೆ ಬಂದಾಗ ಆ ಬೋಳು ಜಾಗವನ್ನೇ ಹುಡುಕಿಕೊಂಡು ಬಂದಂತೆ ನುಗ್ಗಿ ಹದಿನೆಂಟು ಮಾರು ದಂಡೆ ತಿಂದಿತು. ಪಕ್ಕದ ಹೊಲದ ಲಕ್ಕಿ ಪೊದೆ ಮಣ್ಣು ಕಚ್ಚಿಕೊಂಡು ಹಾಗೆಯೇ ನಿಂತಿದೆ.

ಅದೇ ವಾರ ನಿನ್ನ ಕಾಗದ ಬಂತು. ತಿಪ್ಪವ್ವನಿಗೆ ಓದಿ ಹೇಳುವಾಗ ನಡುವಿನ ನಾಲ್ಕು ಸಾಲು ಹಾರಿಸಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಡುವ ಏನ ನುಂಗಿದಿ? ಓದು."

ಓದಿದೆ. ಸಸಿ ಕಿತ್ತ ಕಡೆಯೇ ಒಡ್ಡು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿದ್ದು, ಕಿತ್ತವನು ಸುಕ್ರನೇ ಎಂದು ನಿನ್ನ ಸಾಹೇಬರು ಅವನ ದೋಣಿ ಜಪ್ತಿ ಮಾಡಿದ್ದು, ಅವನ ಮನೆಯಲ್ಲಿ ಒಲೆ ಹೊತ್ತುವುದೇ ನಿಂತದ್ದು.

ತಿಪ್ಪವ್ವ ಬೈಯಲಿಲ್ಲ. "ಅಲ್ಲೀವೂ ಕಿತ್ತಿ, ಇಲ್ಲೀವೂ ಕಿತ್ತಿ. ಎರಡೂ ದಂಡಿ ಬೋಳ ಮಾಡಿಟ್ಟೆಲ್ಲೋ ಯಣ್ಣಾ" ಎಂದು ಎದ್ದು ಹೋದಳು. ಅಂದಿನಿಂದ ನನ್ನೊಡನೆ ಮಾತಿಲ್ಲ.

ಈ ಕಾಗದವನ್ನು ನಿನ್ನ ಸಾಹೇಬರ ಮುಂದಿಡು. ಕರೆದರೆ ಬಂದು ನಿಲ್ಲುತ್ತೇನೆ. ಸುಕ್ರನ ದೋಣಿ ಬಿಡಿಸು. ನಿನ್ನ ನೌಕರಿಗೆ ನನ್ನಿಂದ ಕಲೆ ಹತ್ತದಿರಲಿ, ಮೈಲಾರಲಿಂಗ ನಿನ್ನನ್ನು ಕಾಯಲಿ.

ನಿನ್ನ ಮಾವ
ಕರೆಪ್ಪ

ತಾ.ಕ.: ಮೇಲೆ "ಒಂದಿಷ್ಟು ಸಸಿ" ಎಂದು ಬರೆದಿದ್ದೇನೆ. ತಿಪ್ಪವ್ವನಿಗೆ ಇಪ್ಪತ್ತು ಎಂದಿದ್ದೆ, ಇಸ್ಮಾಯಿಲಸಾಬನಿಗೆ ಸಾವಿರ ಎಂದಿದ್ದೆ. ಸಾಹೇಬರು ಕೇಳಿದರೆ ಖರೇ ಲೆಕ್ಕ ಹೇಳು. ನೆಡುವಾಗ ಎಣಿಸಿದ್ದೆ, ಸತ್ತ ಮೇಲೆ ಇನ್ನೊಮ್ಮೆ ಎಣಿಸಿದೆ. ಇನ್ನೂರ ಹದಿನಾಲ್ಕು. ಒಂದೂ ಉಳಿಯಲಿಲ್ಲ.