ಅರ್ಧ ಕಿಲೋ ಅಕ್ಕಿಯಲ್ಲಿ ಕಾಳೆಷ್ಟು ಎಂದು ಕೇಳಿದ ತಪಾಸಣಾಧಿಕಾರಿಗಳಿಗೆ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ಇಂಗ್ಲಿಷಿನಲ್ಲಿ ಯಾವುದನ್ನು ಎಣಿಸಬಹುದು, ಯಾವುದನ್ನು ಎಣಿಸಲಾಗದು ಎಂದು ಮಕ್ಕಳಿಗೆ ಕಲಿಸಿದ ತಪ್ಪಿಗೆ ನನ್ನ ಮಗಳ ಟೀಚರನ್ನು ತಾವು ಅಮಾನತಿನಲ್ಲಿಟ್ಟಿದ್ದೀರಿ. ಶಾಲೆಯ ನೋಟೀಸು ಬೋರ್ಡಿಗೆ ಅಂಟಿಸಿದ ತಮ್ಮ ಮೆಮೊವನ್ನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು, ಆಮೇಲೆ ಮೈ ಉರಿಯಿತು.

ನಡೆದದ್ದಿಷ್ಟು. ಟೀಚರಮ್ಮ ಮೇಜಿನ ಒಂದು ಕಡೆ ಗುಂಡಿ, ಪೆನ್ಸಿಲು, ಚಮಚ ಇಟ್ಟರು. ಇನ್ನೊಂದು ಕಡೆ ಅಕ್ಕಿ, ಉಪ್ಪು, ಒಂದು ಜಗ್ ನೀರು. ಮಕ್ಕಳು ಮುಟ್ಟಿ, ಎಣಿಸಿ, ಸುರಿದು, ಚೆಲ್ಲಿ ಕಲಿತರು. ಪಾಠಕ್ಕೆ ತಂದ ಸಾಮಾನನ್ನೆಲ್ಲ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕೆಂಬುದು ತಮ್ಮದೇ ನಿಯಮ. ಬರೆದರು: ಗುಂಡಿ ಇಪ್ಪತ್ತು, ಪೆನ್ಸಿಲು ಹತ್ತು, ಚಮಚ ಆರು. ಅಕ್ಕಿ, ಉಪ್ಪು, ನೀರಿನ ಮುಂದೆ 'ಸಂಖ್ಯೆ' ಎಂಬ ಕಲಂ ಖಾಲಿ ಬಿಟ್ಟರು. ಅಷ್ಟೇ! ತಪಾಸಣೆಗೆ ಬಂದ ತಾವು ಪಾಠ ಕೇಳಲಿಲ್ಲ, ಮಕ್ಕಳ ಮುಖ ನೋಡಲಿಲ್ಲ, ಖಾಲಿ ಕಲಂ ಕಂಡದ್ದೇ ತಡ, ಕಳ್ಳ ಸಿಕ್ಕಂತೆ ಹಿಗ್ಗಿದಿರಿ. 'ಮೂರು ಸಾಮಗ್ರಿಗಳ ನಿಖರ ಸಂಖ್ಯೆಯನ್ನು ಶುಕ್ರವಾರದೊಳಗೆ ಸಲ್ಲಿಸದಿದ್ದಲ್ಲಿ ಸೇವೆಯಿಂದ ವಜಾ.' ಸ್ವಾಮಿ, ಜಗ್ಗಿನಲ್ಲಿ ಎಷ್ಟು ನೀರುಗಳಿದ್ದವೆಂದು ಬರೆಯಬೇಕಿತ್ತು? ಆ ದಿನ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತಿದ್ದರೆ ತಮಗೂ ನಾಲ್ಕಕ್ಷರ ಹತ್ತುತ್ತಿತ್ತಲ್ಲ!

ನಾನು ದರ್ಜಿ. ಹೋದ ವರ್ಷದವರೆಗೆ ಇಂಗ್ಲಿಷ್ ಪಿರಿಯಡ್ ಇದ್ದ ದಿನ ನನ್ನ ಮಗಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಈಗ ಅಂಗಡಿಗೆ ಬಂದು ನನ್ನನ್ನೇ ತಿದ್ದುತ್ತಾಳೆ. "ಅಪ್ಪಾ, ಬಟನ್ ಎಣಿಸ್ಬಹುದು, ಅದಕ್ಕೇ ಬಟನ್ಸ್. ಕ್ಲಾತ್ ಎಣಿಸ್ತೀಯಾ? ಅಳೀತೀಯ ತಾನೆ! ಮತ್ತೆ ಗಿರಾಕಿಗಳ ಮುಂದೆ ಚೈಲ್ಡ್ಸ್ ಅನ್ಬೇಡ, ಚಿಲ್ಡ್ರನ್ ಅನ್ನು. ನನ್ನ ಮಾನ ಹೋಗುತ್ತೆ." ಇದು ತಮ್ಮ ಯಾವ ಕಲಂನಲ್ಲಿ ಬರುತ್ತದೆ?

ನಿನ್ನೆ ಹೊಲಿದ ಪರದೆ ಕೊಡಲು ಟೀಚರಮ್ಮನ ಮನೆಗೆ ಹೋದೆ. ಮೇಜಿನ ಮೇಲೆ ಅಕ್ಕಿ ಹರವಿಕೊಂಡು, ನೂರು ನೂರು ಕಾಳಿನ ಗುಡ್ಡೆ ಮಾಡುತ್ತ ಕೂತಿದ್ದರು.

"ಕಲ್ಲು ಆರಿಸ್ತಿದ್ದೀರಾ ಟೀಚರ್?"

"ಇಲ್ಲಪ್ಪ, ಎಣಿಸ್ತಿದ್ದೀನಿ. ಅವತ್ತಿನ ಅಕ್ಕಿ ಇದೇ, ಅರ್ಧ ಕಿಲೋ. ನಂಬರ್ ಕೊಟ್ರೆ ಕೆಲಸ ಉಳಿಯುತ್ತೇನೋ. ಮಾತಾಡಿಸ್ಬೇಡಿ, ಲೆಕ್ಕ ತಪ್ಪುತ್ತೆ."

ಹದಿನೆಂಟು ವರ್ಷ ಪಾಠ ಮಾಡಿದ ಹೆಂಗಸು! ನನಗೆ ಅಳು ತಡೆಯಲಾಗಲಿಲ್ಲ. ಪರದೆಯನ್ನು ಬಾಗಿಲ ಬಳಿಯೇ ಇಟ್ಟು ಬಂದೆ.

ತಮಗೆ ನಾಚಿಕೆಯಾಗಬೇಕು. ಅಮಾನತು ಇಂದೇ ರದ್ದಾಗಬೇಕು. ಆದೇಶವನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳಬೇಡಿ. ಖುದ್ದಾಗಿ ಅವರ ಮನೆಗೆ ಹೋಗಿ, ಬಾಗಿಲು ತಟ್ಟಿ, "ಸಾಕು ನಿಲ್ಲಿಸಿ ಟೀಚರ್, ತಪ್ಪು ನಮ್ಮದು" ಎಂದು ಬಾಯಿಬಿಟ್ಟು ಹೇಳಿ. ಬೇಗ ಹೋಗಿ. ನಾನು ಹೊರಡುವಾಗ ಅವರು ನಾಲ್ಕು ಸಾವಿರ ದಾಟಿದ್ದರು. ಉಪ್ಪಿನ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ.

ಇಂತಿ,
ತಮ್ಮ ಕಚೇರಿಯ ಹೊರಗಿನ ಬೆಂಚನ್ನು ನಾಲ್ಕು ದಿನ ಸವೆಸಿ ಬಂದ,
ಐದನೇ ತರಗತಿ ಹುಡುಗಿಯೊಬ್ಬಳ ಅಪ್ಪ