ಆಕ್ಷೇಪಣೆ ಇದ್ದವರು ಕೈ ಎತ್ತಿ

ಲಂಬೂ,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಹಾಕಿದರೆ ನೀನು ತಪ್ಪು ತಿದ್ದಿ ವಾಪಸು ಕಳಿಸುವ ಆಸಾಮಿ.

ಇವತ್ತು ನಮ್ಮ ಕಾನೂನು ಕಾಲೇಜಿನಲ್ಲಿ ನನಗೆ ಸನ್ಮಾನ. ಕೋರ್ಟಿನ ಮೆಟ್ಟಿಲ ಕೆಳಗೆ ಪ್ರತಿ ಶನಿವಾರ ಬಡವರಿಗೆ ಪುಕ್ಕಟೆ ಸಲಹೆ ಕೊಡುತ್ತ ಬಂದಿದ್ದಕ್ಕೆ 'ಸಮಾಜಸೇವಾರತ್ನ' ಎಂಬ ಫಲಕ. ನಗಬೇಡ. ಅಧ್ಯಕ್ಷರು ನಿವೃತ್ತ ಜಡ್ಜು. ಹುಟ್ಟುಗುಣ ಸುಟ್ಟರೂ ಹೋಗದು ನೋಡು, ಫಲಕ ಎತ್ತಿಕೊಂಡವರೇ "ಯಾರದಾದ್ರೂ ಆಕ್ಷೇಪಣೆ ಇದೆಯಾ?" ಎಂದುಬಿಟ್ಟರು. ಸಭೆಯ ತುಂಬ ವಕೀಲರು! ಹನ್ನೊಂದು ಕೈ ಮೇಲೆದ್ದವು. ಒಬ್ಬನಂತೂ ಕಡತ ಓದಿಲ್ಲ, ಮುಂದಿನ ತಾರೀಖು ಕೊಡಿ ಎಂದು ಬೇಡಿಕೊಂಡ.

ಅಷ್ಟರಲ್ಲಿ ನಮ್ಮಿಬ್ಬರ ಮೊದಲ ಕಕ್ಷಿದಾರರಾದ ಹೊಲಿಗೆ ಅಜ್ಜಿ ಎದ್ದು ನಿಂತರು. "ಅಲ್ಲಾ ಸ್ವಾಮಿ, ಆ ಮೆಟ್ಟಿಲ ಕೆಳಗೆ ಬೆಂಚು ಹಾಕಿದ್ದು ಆ ಉದ್ದ ವಕೀಲಪ್ಪ. ಇವರು ಇಲ್ಲೆಲ್ಲಿದೆ ಜಾಗ ಅಂತ ರೇಗಾಡ್ತಿದ್ರು."

ಜಡ್ಜು ನನ್ನತ್ತ ತಿರುಗಿದರು. "ಏನಂತೀರಿ?"

"ನಿಜ, ಸ್ವಾಮಿ."

ಇಪ್ಪತ್ತು ವರ್ಷದ ವಕೀಲಿಯಲ್ಲಿ ನಾನು ವಾದಿಸದೆ ಒಪ್ಪಿಕೊಂಡಿದ್ದು ಇದೇ ಮೊದಲು. ನೀನು ನನ್ನ ಜೊತೆಯ ವಕೀಲಿ ಬಿಟ್ಟು ಗಂಟುಮೂಟೆ ಕಟ್ಟಿದ ದಿನವೂ ನಾನು ವಾದಿಸುತ್ತಲೇ ಇದ್ದೆನಲ್ಲ.

ಜಡ್ಜು ಬಿಡಲಿಲ್ಲ. ಕೋರ್ಟಿನ ಪದ್ಧತಿಯಂತೆ ಬಾಗಿಲಲ್ಲಿ ನಿನ್ನ ಹೆಸರನ್ನು ಮೂರು ಸಲ ಕೂಗಿಸಿದರು. ಮೊದಲ ಸಲ ಎಲ್ಲರೂ ನಕ್ಕರು. ಎರಡನೆಯ ಸಲವೂ ನಕ್ಕರು. ಮೂರನೆಯ ಸಲ ಕೂಗುವಷ್ಟರಲ್ಲಿ ನಾನು ವೇದಿಕೆಯ ಸೋಫಾದಲ್ಲಿ ಪಕ್ಕಕ್ಕೆ ಸರಿದು, ಜಾಗ ಮಾಡಿ ಕೂತಿದ್ದೆ.