ಫೆಬ್ರವರಿ ಮೂರರ ವರದಿ

ಅಪ್ಪಾ,

ಇವತ್ತು ಆಸ್ಪತ್ರೆಗೆ ಹೋಗಿದ್ದೆ. ನರ್ಸ್ ಮಾರ್ಲೀನ್ ಕಂಪ್ಯೂಟರ್ ನೋಡಿ, "ಇನ್ನೂ ಯಾಕಮ್ಮ ಮಾಸ್ಕು, ಲಾರಿಸಾ? ನಿನ್ನ ಬಿಳಿ ರಕ್ತಕಣ ಸರಿಹೋಗಿ ಮೂರು ತಿಂಗಳಾಯ್ತಲ್ಲ, ನೋಡಿಲ್ವಾ?" ಅಂದಳು.

ನೋಡಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನನ್ನ ನರರೋಗದ ಮಾತ್ರೆ ಬಿಳಿ ರಕ್ತಕಣಗಳನ್ನು ಇಳಿಸಿಬಿಟ್ಟಿತ್ತು; ಅದನ್ನು ನಿಲ್ಲಿಸಿದಾಗ ಡಾಕ್ಟರು, ಆ ಕಣಗಳು ಮತ್ತೆ ಏರುವವರೆಗೆ ಯಾರ ಸೋಂಕೂ ತಗುಲಬಾರದು ಎಂದಿದ್ದರು. ತಿಂಗಳು ತಿಂಗಳು ಪರೀಕ್ಷೆಗೆ ರಕ್ತ ಕೊಟ್ಟೆ, ಏರಲೇ ಇಲ್ಲ. ಜನವರಿಯ ನಂತರ ವರದಿ ಫೋನಿಗೆ ಬಂದರೂ ತೆರೆಯುವುದನ್ನೇ ಬಿಟ್ಟೆ. ಒಳ್ಳೆಯ ಸುದ್ದಿಗೆ ಅವರು ಕರೆ ಮಾಡುವುದಿಲ್ಲ.

ಸರಿಹೋದ ವರದಿ ಬಂದದ್ದು ಫೆಬ್ರವರಿ ಮೂರಕ್ಕೆ. ನೀನು ಬೀಟ್‌ರೂಟ್ ಸಾರು ತಂದದ್ದು ಹತ್ತಕ್ಕೆ. ನಿನಗೆ ಕೆಮ್ಮೂ ಇರಲಿಲ್ಲ. ಮೈನಸ್ ಮೂವತ್ತರ ಚಳಿಯಲ್ಲಿ ಕಿಟಕಿಯಾಚೆ ನಿಂತು ನೀನು ಕೂಗಿದೆ: "ಜೈಲಲ್ಲಿರೋರನ್ನ ನೋಡೋಕೆ ಬಂದ ಹಾಗಾಯ್ತಲ್ಲೇ! ನಿನ್ನ ರಕ್ತದ ಸೈನ್ಯ ಇನ್ನೂ ವಾಪಸ್ ಬಂದಿಲ್ವಾ?"

"ಇಲ್ಲಪ್ಪಾ, ಮುಂದಿನ ತಿಂಗಳು ನೋಡೋಣ" ಅಂದೆ. ಫೋನು ನನ್ನ ಕೈಯಲ್ಲೇ ಇತ್ತು.

"ಆಗ್ಲಿ ಬಿಡು. ಪಾತ್ರೆ ಆಮೇಲೆ ಬಂದು ತಗೊಂಡು ಹೋಗ್ತೀನಿ" ಎಂದು ನೀನು ಸಾರನ್ನು ಮೆಟ್ಟಿಲ ಮೇಲಿಟ್ಟು ಹೋದೆ. ಮುಂದಿನ ವಾರವೇ ನಿನ್ನ ಹೃದಯ ನಿಂತಿತು.

ಇವತ್ತು ಮಾರ್ಲೀನ್, "ಇನ್ನು ಯಾರನ್ನ ಬೇಕಾದ್ರೂ ಮನೆಗೆ ಕರಿ, ತಬ್ಬಿಕೋ" ಎಂದು ನಕ್ಕಳು. ನಾನೂ ನಕ್ಕೆ.

ಮನೆಗೆ ಬಂದು ನಿನ್ನ ಪಾತ್ರೆಯನ್ನು ಮತ್ತೊಮ್ಮೆ ತೊಳೆದೆ. ಮೆಟ್ಟಿಲ ಮೇಲಲ್ಲ, ಒಳಗೆ, ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದೇನೆ.